ತಮ್ಮನ್ನೇ ವಿಚಾರಣೆಗೆ ನಿಲ್ಲಿಸಿಕೊಂಡವರು: ಇಂಗ್ಲೆಂಡಿನ ಪ್ಯೂರಿಟನರು



ಪ್ಯೂರಿಟನರ ಹೆಸರೆತ್ತಿದರೆ ಕಪ್ಪು ಬಟ್ಟೆ ತೊಟ್ಟು, ಮುಖ ಬಿಗಿದುಕೊಂಡು, ನಾಲ್ಕು ಜನ ನಕ್ಕರೆ ಸಿಡಿಮಿಡಿಗೊಳ್ಳುವ ಒಬ್ಬ ಮನುಷ್ಯ ಕಣ್ಣಮುಂದೆ ಬರುತ್ತಾನೆ. ಆ ಚಿತ್ರವನ್ನು ಬರೆದವರಲ್ಲಿ ಮುಖ್ಯರು ಲಂಡನ್ನಿನ ನಾಟಕಕಾರರು. ಬೆನ್ ಜಾನ್ಸನ್ 1614ರಲ್ಲಿ ರಂಗಕ್ಕೆ ತಂದ ‘ಬಾರ್ಥಲೋಮ್ಯು ಫೇರ್’ ನಾಟಕದಲ್ಲಿ ಅಂಥ ಒಬ್ಬ ಬೂಟಾಟಿಕೆಯವನು ಇದ್ದಾನೆ. ಪ್ಯೂರಿಟನರು ರಂಗಭೂಮಿಯನ್ನು ದ್ವೇಷಿಸಿದರು, ರಂಗಭೂಮಿ ಅವರಿಗೆ ಹೀಗೆ ಉತ್ತರ ಕೊಟ್ಟಿತು. ಉತ್ತರ ಎಷ್ಟು ಗಟ್ಟಿಯಾಗಿ ನಾಟಿತೆಂದರೆ ನಾಲ್ಕು ಶತಮಾನವಾದರೂ ಅಳಿದಿಲ್ಲ. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನೆಹೆಮಾಯಾ ವಾಲಿಂಗ್ಟನ್ ಎಂಬ ಕುಶಲಕರ್ಮಿಯೊಬ್ಬನನ್ನು ನಿಮಗೆ ಪರಿಚಯ ಮಾಡಿಕೊಡುತ್ತೇನೆ.

ವಾಲಿಂಗ್ಟನ್ 1598ರಲ್ಲಿ ಹುಟ್ಟಿ 1658ರಲ್ಲಿ ತೀರಿಕೊಂಡ. ಲಂಡನ್ನಿನ ಈಸ್ಟ್‌ಚೀಪ್ ಪೇಟೆಯಲ್ಲಿ ಅವನ ಅಂಗಡಿ. ತಿರುಗಣಿಯ ಮೇಲೆ ಮರ ಕಡೆದು ಸಾಮಾನು ಮಾಡುವುದು ತಂದೆಯಿಂದ ಬಂದ ಕಸುಬು. ವ್ಯಾಪಾರದಲ್ಲಿ ಅವನೇನೂ ಜಾಣನಲ್ಲ. ಆದರೆ ಬೆಳಗಾಗುವ ಮುನ್ನ ಎದ್ದು ಬರೆಯುತ್ತಿದ್ದ. ಹಾಗೆ ಬರೆದ 50 ನೋಟುಪುಸ್ತಕಗಳಲ್ಲಿ 7 ನಮಗೆ ಉಳಿದಿವೆ. ಹರೆಯದಲ್ಲಿ ಪಾಪದ ಭಾರ ತಾಳಲಾರದೆ ಮತ್ತೆ ಮತ್ತೆ ಪ್ರಾಣ ತೆಗೆದುಕೊಳ್ಳಲು ಹೋಗಿದ್ದವನು ಅವನು. ಮುಂದೆ ತನ್ನ ನಡತೆಗೆ ತಾನೇ ನಿಯಮಗಳ ಪಟ್ಟಿ ಮಾಡಿಕೊಂಡ. ನಿಯಮ ಮುರಿದರೆ ಬಡವರ ಹುಂಡಿಗೆ ದಂಡದ ಕಾಸು. 1625ರ ಪ್ಲೇಗಿನಲ್ಲಿ ಮೂರು ವರ್ಷವೂ ತುಂಬದ ಮಗಳು ಎಲಿಜಬೆತ್ ಹೋದಳು. ದೇವರ ಚಿತ್ತಕ್ಕೆ ಶರಣಾಗುತ್ತೇನೆಂದು ಬರೆದಿಟ್ಟಿದ್ದ ಸಂಕಲ್ಪಗಳನ್ನೆಲ್ಲ ಮರೆತು ಅವನು ಅತ್ತ. ಅವನನ್ನು ಸಂತೈಸಿದವಳು ಹೆಂಡತಿ ಗ್ರೇಸ್. ತಾನು ಅತ್ತದ್ದನ್ನೂ, ಅವಳು ಸಂತೈಸಿದ್ದನ್ನೂ ಅವನು ಬರೆದಿಟ್ಟಿದ್ದಾನೆ.

ಅವನ ಅಜ್ಜಂದಿರ ಕಾಲದಲ್ಲಾಗಿದ್ದರೆ ಇಂಥ ಮನುಷ್ಯ ಪಾದ್ರಿಯ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿ, ಕ್ಷಮೆಯ ಮಾತು ಕೇಳಿ ಹಗುರಾಗಿ ಮನೆಗೆ ಹೋಗುತ್ತಿದ್ದ. ಪ್ರಾಟೆಸ್ಟಂಟ್ ಇಂಗ್ಲೆಂಡಿನಲ್ಲಿ ಆ ದಾರಿ ಮುಚ್ಚಿತ್ತು. ಆರೋಪಿ, ಸಾಕ್ಷಿ, ಗುಮಾಸ್ತ ಮೂರೂ ತಾನೇ ಆಗಿ ಅವನು ನೋಟುಪುಸ್ತಕದ ಮುಂದೆ ಕೂತ. ತೀರ್ಪು ಮಾತ್ರ ದೇವರದು, ಅದು ಏನೆಂದು ತಿಳಿಯುವಂತಿಲ್ಲ. ನನ್ನ ತಿಳಿವಳಿಕೆಯಲ್ಲಿ ಪ್ಯೂರಿಟನಿಸಂನ ಹೃದಯ ಇರುವುದು ಇಲ್ಲಿ, ಮನುಷ್ಯ ತನ್ನನ್ನೇ ವಿಚಾರಣೆಗೆ ನಿಲ್ಲಿಸಿಕೊಳ್ಳುವ ಈ ಅಭ್ಯಾಸದಲ್ಲಿ. ಅಧಿಕಾರ ಕೈಗೆ ಬಂದಾಗ ಈ ಅಭ್ಯಾಸಕ್ಕೆ ಏನಾಯಿತು, ಅಧಿಕಾರ ಹೋದ ಮೇಲೆ ಏನಾಯಿತು ಎಂಬುದೇ ಇವತ್ತಿನ ನನ್ನ ವಿಷಯ.

ಮೊದಲು ಹುಟ್ಟಿನ ಕಥೆ. ಎಂಟನೆಯ ಹೆನ್ರಿ 1534ರಲ್ಲಿ ಪೋಪನನ್ನು ಬಿಟ್ಟು ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನಾದ. ಯಜಮಾನ ಬದಲಾದ, ಮನೆಯೊಳಗಿನ ರೀತಿನೀತಿ ಬಹುಮಟ್ಟಿಗೆ ಹಾಗೇ ಉಳಿಯಿತು. ಮಗ ಆರನೆಯ ಎಡ್ವರ್ಡ್‌ನ ಕಾಲದಲ್ಲಿ ಸುಧಾರಣೆ ವೇಗ ಹಿಡಿಯಿತು, ಆದರೆ ಹುಡುಗ ಬದುಕಲಿಲ್ಲ. 1553ರಲ್ಲಿ ಪಟ್ಟಕ್ಕೆ ಬಂದ ಮೇರಿ ನಾಡನ್ನು ಮತ್ತೆ ರೋಮಿನ ಕಡೆಗೆ ತಿರುಗಿಸಿದಳು. ಅವಳ ಆಳ್ವಿಕೆಯಲ್ಲಿ ಸುಮಾರು 280 ಪ್ರಾಟೆಸ್ಟಂಟರು ಜೀವಂತ ದಹನದ ಶಿಕ್ಷೆಗೆ ಗುರಿಯಾದರು. ಸುಮಾರು 800 ಜನ ಫ್ರಾಂಕ್‌ಫರ್ಟ್, ಸ್ಟ್ರಾಸ್‌ಬರ್ಗ್, ಜ್ಯೂರಿಕ್, ಜಿನೀವಾಗಳಿಗೆ ಓಡಿಹೋದರು. ಜಿನೀವಾಕ್ಕೆ ಹೋದವರು ಸುಧಾರಕ ಕ್ಯಾಲ್ವಿನನ ಊರಿನಲ್ಲಿ ಬಿಷಪ್ಪರಿಲ್ಲದ ಚರ್ಚನ್ನು ಕಣ್ಣಾರೆ ಕಂಡರು. ಸಭೆಯ ಹಿರಿಯರು ಬೋಧಕರೊಡನೆ ಕೂತು ಊರಿನ ನಡತೆಯನ್ನು ತಿದ್ದುತ್ತಿದ್ದದ್ದನ್ನೂ ಕಂಡರು. ಅಲ್ಲಿದ್ದುಕೊಂಡೇ 1560ರಲ್ಲಿ ಅವರು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ‘ಜಿನೀವಾ ಬೈಬಲ್’ ಮುಂದಿನ ನೂರು ವರ್ಷದ ಇತಿಹಾಸಕ್ಕೆ ಕಾರಣವಾದ ಪುಸ್ತಕಗಳಲ್ಲೊಂದು. ಓದಲು ಸುಲಭವಾದ ಅಚ್ಚು, ವಚನವಚನಕ್ಕೂ ಅಂಕಿ, ಅಂಚಿನಲ್ಲಿ ಟಿಪ್ಪಣಿ. ಪಾದ್ರಿಯ ನೆರವಿಲ್ಲದೆ ಮನೆಯಲ್ಲಿ ಕೂತು ಓದಲೆಂದೇ ಮಾಡಿದ ಪುಸ್ತಕ ಅದು. ಗಂಡುಮಕ್ಕಳನ್ನು ಕೊಲ್ಲಬೇಕೆಂಬ ಫರೋಹನ ಅಪ್ಪಣೆಯನ್ನು ಇಬ್ರಿಯ ಸೂಲಗಿತ್ತಿಯರು ಮೀರಿದ ಕಥೆ ವಿಮೋಚನಕಾಂಡದಲ್ಲಿದೆಯಷ್ಟೆ. ಅವರು ಅರಸನ ಮಾತು ಮೀರಿದ್ದು ಸರಿಯೇ ಎನ್ನುವ ಟಿಪ್ಪಣಿ ಅಲ್ಲಿತ್ತು. 1604ರಲ್ಲಿ ಅರಸ ಜೇಮ್ಸ್ ಆ ಟಿಪ್ಪಣಿಯನ್ನು ಹೆಸರಿಸಿಯೇ ಆಕ್ಷೇಪಿಸಿದ. ಅವನ ಅಪ್ಪಣೆಯಿಂದ ಸಿದ್ಧವಾಗಿ 1611ರಲ್ಲಿ ಬಂದ ಬೈಬಲಿನಲ್ಲಿ ಅಂಥ ಟಿಪ್ಪಣಿಗಳಿಗೆ ಜಾಗವಿರಲಿಲ್ಲ.

ಎಲಿಜಬೆತ್ 1558ರಲ್ಲಿ ರಾಣಿಯಾದಾಗ ದೇಶಾಂತರ ಹೋಗಿದ್ದವರು ತುಂಬ ಆಸೆಯಿಂದ ಮರಳಿದರು. ಅವಳು 1559ರಲ್ಲಿ ಮಾಡಿದ ವ್ಯವಸ್ಥೆ ಅವರಿಗೆ ಅರೆಬೆಂದ ಅಡಿಗೆಯಂತೆ ಕಂಡಿತು. ಬೋಧನೆ ಪ್ರಾಟೆಸ್ಟಂಟರದು; ಬಿಷಪ್ಪರು, ಬಿಳಿ ನಿಲುವಂಗಿ, ದೀಕ್ಷಾಸ್ನಾನದಲ್ಲಿ ಶಿಲುಬೆಯ ಗುರುತು, ಪ್ರಭುಭೋಜನಕ್ಕೆ ಮೊಣಕಾಲೂರುವುದು ಎಲ್ಲ ಹಳೆಯದೇ. ಜಗಳ ಮೊದಲು ಹತ್ತಿದ್ದು ಆ ನಿಲುವಂಗಿಯ ಮೇಲೆ. 1566ರಲ್ಲಿ ಲಂಡನ್ನಿನ 37 ಬೋಧಕರು ಅದನ್ನು ತೊಡುವುದಿಲ್ಲವೆಂದು ಹಟ ಹಿಡಿದು ಅಮಾನತ್ತಾದರು. ಬಟ್ಟೆಯ ತುಂಡಿಗಾಗಿ ಇಷ್ಟೊಂದು ರಂಪವೇ ಎಂದು ನಮಗನ್ನಿಸಬಹುದು. ದೇವರಿಗೂ ಮನುಷ್ಯನಿಗೂ ನಡುವೆ ನಿಲ್ಲುವ ಪುರೋಹಿತನ ಗುರುತು ಅದೆಂದು ಅವರು ತಿಳಿದಿದ್ದರು. ಸತ್ಯವೇದದಲ್ಲಿ ಇಲ್ಲದ್ದನ್ನು ರಾಣಿ ಕಡ್ಡಾಯ ಮಾಡಬಹುದೇ ಎಂಬ ಪ್ರಶ್ನೆ ಅದರೊಳಗಿತ್ತು. ಪ್ಯೂರಿಟನ್ ಎಂಬ ಹೆಸರು ಬೈಗುಳವಾಗಿ ಹುಟ್ಟಿದ್ದೂ ಆ ದಶಕದಲ್ಲೇ.

1570ರಲ್ಲಿ ಕೇಂಬ್ರಿಜ್‌ನ ಪ್ರಾಧ್ಯಾಪಕ ಥಾಮಸ್ ಕಾರ್ಟ್‌ರೈಟ್ ಬಿಷಪ್ಪರ ಪದವಿಗೇ ಶಾಸ್ತ್ರಾಧಾರವಿಲ್ಲವೆಂದು ಉಪನ್ಯಾಸ ಕೊಟ್ಟು ಹುದ್ದೆ ಕಳೆದುಕೊಂಡ. ಇವರಿಗೆಲ್ಲ ಸಹಾನುಭೂತಿ ತೋರಿದ ಒಬ್ಬ ಆರ್ಚ್‌ಬಿಷಪ್ಪನೂ ಇದ್ದ, ಎಡ್ಮಂಡ್ ಗ್ರಿಂಡಲ್. ಬೋಧಕರು ಒಂದೆಡೆ ಸೇರಿ ಜನರೆದುರು ಸತ್ಯವೇದವನ್ನು ವಿವರಿಸುವ ಕೂಟಗಳನ್ನು ನಿಲ್ಲಿಸು ಎಂದು ರಾಣಿ ಅಪ್ಪಣೆ ಮಾಡಿದಳು. ಗ್ರಿಂಡಲ್ 1576ರಲ್ಲಿ ಅವಳಿಗೆ ನೇರವಾಗಿ ಕಾಗದ ಬರೆದು ಆಗದೆಂದ. ಮರುವರ್ಷ ಅವನ ಅಧಿಕಾರವನ್ನು ಕಿತ್ತುಕೊಂಡರು. ಇಂಗ್ಲೆಂಡಿನ ಚರ್ಚಿನ ಅತಿ ದೊಡ್ಡ ಪೀಠದಲ್ಲಿದ್ದವನು ಮನಸ್ಸಾಕ್ಷಿಯ ಹೆಸರಿನಲ್ಲಿ ರಾಣಿಗೆ ಇಲ್ಲವೆಂದದ್ದು ಸಣ್ಣ ಸಂಗತಿಯಲ್ಲ.

ಒಂದು ಮಾತು ಇಲ್ಲಿ ಸ್ಪಷ್ಟವಾಗಬೇಕು. ಇವರಲ್ಲಿ ಬಹುಪಾಲು ಜನ ಚರ್ಚನ್ನು ಬಿಟ್ಟವರಲ್ಲ; ಒಳಗಿದ್ದೇ ಅದನ್ನು ತೊಳೆಯಬೇಕೆಂದವರು. ಬಿಟ್ಟುಹೋದ ಪ್ರತ್ಯೇಕವಾದಿಗಳು ಕೆಲವರೇ. ಅವರ ಮುಂದಾಳುಗಳಾದ ಹೆನ್ರಿ ಬ್ಯಾರೋ ಮತ್ತು ಜಾನ್ ಗ್ರೀನ್‌ವುಡ್ 1593ರಲ್ಲಿ ಗಲ್ಲಿಗೇರಿದರು. 1620ರಲ್ಲಿ ‘ಮೇಫ್ಲವರ್’ ಹಡಗಿನಲ್ಲಿ ಅಮೆರಿಕಕ್ಕೆ ಹೋದವರ ತಿರುಳಿನ ಗುಂಪೂ ಇಂಥ ಪ್ರತ್ಯೇಕವಾದಿಗಳದೇ.

ಇನ್ನು ನಂಬಿಕೆ. ಪೂರ್ವನಿಯತಿಯ ಸಿದ್ಧಾಂತ ಅದರ ನಡುಗಂಬ. ಯಾರಿಗೆ ಮುಕ್ತಿ, ಯಾರಿಗಿಲ್ಲ ಎಂಬುದನ್ನು ಸೃಷ್ಟಿಗೆ ಮೊದಲೇ ದೇವರು ಗೊತ್ತುಮಾಡಿದ್ದಾನೆ. ಮನುಷ್ಯನ ಯಾವ ಪುಣ್ಯಕಾರ್ಯವೂ ಅದನ್ನು ಬದಲಿಸದು. ಹಾಗಾದರೆ ಒಳ್ಳೆಯವರಾಗಿ ಪ್ರಯೋಜನವೇನು ಎಂದು ಕೈಚೆಲ್ಲಿ ಕೂರಬೇಕಿತ್ತಲ್ಲವೇ? ಆದದ್ದು ತದ್ವಿರುದ್ಧ. ಆಯ್ಕೆಯಾದವನ ಬಾಳಿನಲ್ಲಿ ಕೃಪೆಯ ಗುರುತುಗಳು ಕಾಣಿಸಿಕೊಳ್ಳುತ್ತವೆ ಎಂದು ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್ ಕಲಿಸಿದ. 1602ರಲ್ಲಿ ತೀರಿಕೊಂಡ ಇವನ ಪುಸ್ತಕಗಳು ಯುರೋಪಿನ ಹಲವು ಭಾಷೆಗಳಿಗೆ ಹೋದವು. ಪಶ್ಚಾತ್ತಾಪ ನಿಜವಾದದ್ದೇ? ಪ್ರಾರ್ಥನೆಯಲ್ಲಿ ಮನಸ್ಸು ನಿಂತಿತೇ? ನೆರೆಯವನ ಮೇಲಿನ ಸಿಟ್ಟು ಇಳಿಯಿತೇ? ಇಂಥ ಗುರುತುಗಳನ್ನು ಹುಡುಕುತ್ತ ಸಾವಿರಾರು ಜನ ತಮ್ಮ ಒಳಗನ್ನು ದಿನದಿನವೂ ಜಾಲಾಡಿದರು. ಯಾರ್ಕ್‌ಷೈರಿನ ಮಾರ್ಗರೆಟ್ ಹೋಬಿ ಎಂಬ ಗೃಹಿಣಿ 1599ರಿಂದ 1605ರವರೆಗೆ ಬರೆದ ದಿನಚರಿ ಇಂಗ್ಲಿಷಿನಲ್ಲಿ ಹೆಂಗಸೊಬ್ಬಳು ಬರೆದು ನಮಗೆ ಸಿಕ್ಕ ಅತಿ ಹಳೆಯ ದಿನಚರಿ ಎಂದು ಹೆಸರಾಗಿದೆ. ಖಾಸಗಿ ಪ್ರಾರ್ಥನೆ, ಆತ್ಮಪರೀಕ್ಷೆ, ಮನೆವಾರ್ತೆ, ಊರಿನವರ ಗಾಯಕ್ಕೆ ಪಟ್ಟಿ ಕಟ್ಟಿದ್ದು ಎಲ್ಲವೂ ಅದರಲ್ಲಿ ಒಂದರ ಪಕ್ಕ ಒಂದು ಬರುತ್ತದೆ. ಇಂಗ್ಲಿಷ್ ಸಾಹಿತ್ಯದ ಆತ್ಮಕಥನಕ್ಕೆ, ಮುಂದೆ ಕಾದಂಬರಿಗೆ ಒದಗಿದ ಒಳನೋಟದ ಬೇರುಗಳಲ್ಲಿ ಒಂದನ್ನು ಇಂಥ ಪುಟಗಳಲ್ಲಿ ಹುಡುಕಬೇಕೆಂದು ನಾನು ನಂಬಿದ್ದೇನೆ.

ಇದರ ಜತೆಗೆ ಪ್ರಸಂಗ, ಎಂದರೆ ಚರ್ಚಿನ ಉಪದೇಶ. ಪ್ಯೂರಿಟನರ ಆರಾಧನೆಯಲ್ಲಿ ವೇದಿಪೀಠಕ್ಕಿಂತ ಬೋಧನಪೀಠ ದೊಡ್ಡದು. ತಮ್ಮ ಊರಿನ ಪಾದ್ರಿಗೆ ಬೋಧಿಸಲು ಬಾರದಿದ್ದರೆ ಹರದಾರಿಗಟ್ಟಲೆ ನಡೆದು ಬೇರೆ ಊರಿನ ಪ್ರಸಂಗಕ್ಕೆ ಹೋಗುತ್ತಿದ್ದರು. ಕೇಳಿದ್ದನ್ನು ಬರೆದುಕೊಂಡು, ಸಂಜೆ ಮಕ್ಕಳು ಆಳುಕಾಳುಗಳೊಂದಿಗೆ ಕೂತು ಚರ್ಚಿಸುತ್ತಿದ್ದರು. ಭಾನುವಾರ ಪೂರ್ತಿ ದೇವರಿಗೆ ಮೀಸಲು. ಹಾಗಾಗಿಯೇ 1618ರಲ್ಲಿ ಜೇಮ್ಸ್, ಭಾನುವಾರದ ಆರಾಧನೆ ಮುಗಿಸಿ ಜನ ಕುಣಿಯಬಹುದು, ಬಿಲ್ಲು ಹೊಡೆಯಬಹುದು ಎಂದು ಸಾರಿದಾಗ ಅವರಿಗೆ ಎದೆಗೆ ಒದ್ದಂತಾಯಿತು. ವಾರವಿಡೀ ದುಡಿದವನಿಗೆ ಸಿಗುವ ಒಂದೇ ಒಂದು ಬಿಡುವಿನ ದಿನ ಅದು ಎಂಬುದನ್ನು ಅವರು ಯೋಚಿಸಲಿಲ್ಲ. ಈ ವಿಷಯದಲ್ಲಿ ನನ್ನ ಮನಸ್ಸು ಕುಣಿಯುವವರ ಕಡೆಗೇ ಇದೆ.

ಆದರೆ ಇವರು ಬರೀ ನಿಷೇಧದ ಜನರೆಂದುಕೊಳ್ಳುವವರು ಡಾರ್ಚೆಸ್ಟರ್ ಊರಿನ ಕಥೆ ಕೇಳಬೇಕು. ಇಂಗ್ಲೆಂಡಿನ ನೈರುತ್ಯ ಭಾಗದ ಈ ಪುಟ್ಟ ಪೇಟೆಗೆ 1613ರ ಆಗಸ್ಟಿನಲ್ಲಿ ಬೆಂಕಿ ಬಿದ್ದು ಸುಮಾರು 170 ಮನೆಗಳು ಉರಿದುಹೋದವು. ಅಲ್ಲಿನ ಪಾದ್ರಿ ಜಾನ್ ವೈಟ್ ಪ್ಯೂರಿಟನ್ ಮನುಷ್ಯ. ಬೆಂಕಿ ದೇವರ ಎಚ್ಚರಿಕೆ ಎಂದು ಅವನೂ ಅವನ ಸಂಗಡಿಗರೂ ನಂಬಿದರು. ನಂಬಿ ಮಾಡಿದ್ದೇನು ನೋಡಿ: ಬಡಮಕ್ಕಳಿಗೆ ಕಸುಬು ಕಲಿಸುವ ಒಂದು ಮನೆ ತೆರೆದರು, ಶಾಲೆಗಳನ್ನು ಕಟ್ಟಿದರು, ದೂರದ ಊರುಗಳಲ್ಲಿ ಬೆಂಕಿ ಅಥವಾ ಪ್ಲೇಗು ಬಂದರೆ ಚಂದಾ ಎತ್ತಿ ಕಳಿಸಿದರು. 1622ರಲ್ಲಿ ಊರಿನ ಹೆಸರಿನಲ್ಲಿ ಒಂದು ಬಿಯರ್ ಭಟ್ಟಿಯನ್ನೇ ಇಟ್ಟರು. ಅದರ ಲಾಭ ಬಡವರ ಪಾಲಿಗೆ. ಕುಡಿದು ಬಿದ್ದವನಿಗೆ ಶಿಕ್ಷೆ, ಪ್ರಸಂಗ ತಪ್ಪಿಸಿದವನಿಗೆ ದಂಡ ಎಂಬುದೂ ಅದೇ ಊರಿನಲ್ಲಿ ನಡೆದದ್ದೇ. ದಯೆಯೂ ದಂಡವೂ ಒಂದೇ ಬೇರಿನಿಂದ ಬಂದಿದ್ದವು: ನೆರೆಯವನ ಆತ್ಮಕ್ಕೆ ನಾನು ಹೊಣೆ ಎಂಬ ನಂಬಿಕೆಯಿಂದ. ಎರಡನ್ನೂ ಒಟ್ಟಿಗೆ ಹಿಡಿದು ನೋಡದಿದ್ದರೆ ಪ್ಯೂರಿಟನರು ನಮಗೆ ಅರ್ಥವಾಗುವುದಿಲ್ಲ.

ಒಂದನೆಯ ಚಾರ್ಲ್ಸ್ 1633ರಲ್ಲಿ ವಿಲಿಯಂ ಲಾಡ್‌ನನ್ನು ಆರ್ಚ್‌ಬಿಷಪ್ ಮಾಡಿದ ಮೇಲೆ ಕದನ ತಪ್ಪದಾಯಿತು. ಪ್ರಭುಭೋಜನದ ಮೇಜು ಗೋಡೆಗೆ ಸರಿಯಿತು, ಸುತ್ತ ಕಟಕಟೆ ಬಂತು. ಪ್ಯೂರಿಟನರ ಕಣ್ಣಿಗೆ ಅದು ರೋಮ್ ಹಿಂಬಾಗಿಲಿನಿಂದ ಬಂದಂತೆ. ಪ್ರಿನ್, ಬರ್ಟನ್, ಬಾಸ್ಟ್‌ವಿಕ್ ಎಂಬ ಮೂವರು, ಒಬ್ಬ ವಕೀಲ, ಒಬ್ಬ ಬೋಧಕ, ಒಬ್ಬ ವೈದ್ಯ, ಬಿಷಪ್ಪರ ವಿರುದ್ಧ ಬರೆದುದಕ್ಕೆ 1637ರಲ್ಲಿ ಬಹಿರಂಗವಾಗಿ ಕಿವಿ ಕಳೆದುಕೊಂಡರು. ಅವರ ಹೊತ್ತಗೆಗಳನ್ನು ಇಟ್ಟುಕೊಂಡಿದ್ದನೆಂದು ನಮ್ಮ ವಾಲಿಂಗ್ಟನ್ನನನ್ನೂ ವಿಚಾರಣೆಗೆ ಎಳೆದರು. 1630ರ ದಶಕದಲ್ಲಿ ಸಾವಿರಾರು ಕುಟುಂಬಗಳು ಜಾನ್ ವಿಂತ್ರಾಪ್‌ನ ಮುಂದಾಳುತನದಲ್ಲಿ ನೆಲೆಗೊಂಡ ಮ್ಯಾಸಚೂಸೆಟ್ಸ್‌ಗೆ ಹಡಗು ಹತ್ತಿದವು. ಉಳಿದವರು 1640ರ ಡಿಸೆಂಬರಿನಲ್ಲಿ ಬಿಷಪ್ಪರ ಆಡಳಿತವನ್ನು ಬೇರುಸಹಿತ ಕೀಳಬೇಕೆಂದು ಸುಮಾರು 15,000 ಲಂಡನ್ನಿಗರ ಸಹಿಯ ಮನವಿಯನ್ನು ಪಾರ್ಲಿಮೆಂಟಿಗೆ ಕೊಟ್ಟರು. 1642ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ. 1649ರ ಜನವರಿ 30ರಂದು ಅರಸನ ತಲೆ ಉರುಳಿತು. ತೆರಿಗೆ, ಪಾರ್ಲಿಮೆಂಟಿನ ಹಕ್ಕು, ಸ್ಕಾಟ್ಲೆಂಡು, ಐರ್ಲೆಂಡು ಎಲ್ಲವೂ ಆ ಯುದ್ಧಕ್ಕೆ ಕಾರಣಗಳು. ಆದರೆ ಇಷ್ಟು ಜನ ಪ್ರಾಣ ಕೊಡಲು ಸಿದ್ಧರಾದದ್ದಕ್ಕೆ ಧರ್ಮವನ್ನು ಬಿಟ್ಟು ಕಾರಣ ಹೇಳಲು ಆಗದು.

ಯುದ್ಧ ನಡೆಯುತ್ತಿದ್ದಾಗಲೇ ಅಧಿಕಾರ ಅವರ ಕೈಗೆ ಬರತೊಡಗಿತ್ತು. ವಿಲಿಯಂ ಡೌಸಿಂಗ್ ಎಂಬ ಸಫೊಕ್‌ನ ರೈತ ಪಾರ್ಲಿಮೆಂಟಿನ ಸೈನ್ಯದಿಂದ ಅಧಿಕಾರಪತ್ರ ಪಡೆದು 1643 ಮತ್ತು 1644ರಲ್ಲಿ ಕೇಂಬ್ರಿಜ್‌ಷೈರ್, ಸಫೊಕ್‌ಗಳ 200ಕ್ಕೂ ಹೆಚ್ಚು ಚರ್ಚುಗಳನ್ನು ಸುತ್ತಿದ. ಬಣ್ಣದ ಗಾಜಿನ ಕಿಟಕಿ ಒಡೆದ, ದೇವದೂತರ ಪ್ರತಿಮೆ ಇಳಿಸಿದ, ಸಮಾಧಿಯ ಮೇಲಿನ ಪ್ರಾರ್ಥನೆಯ ಮಾತುಗಳನ್ನು ಕಿತ್ತ. ಯಾವ ಊರಿನಲ್ಲಿ ಎಷ್ಟು ಒಡೆದೆನೆಂದು ಲೆಕ್ಕ ಬರೆದಿಟ್ಟ. ಆ ಲೆಕ್ಕದ ಪುಸ್ತಕ ಓದುವಾಗ ನನಗೆ ಸಂಕಟವಾಗುತ್ತದೆ, ಹೋದ ಗಾಜಿಗಾಗಿ ಮಾತ್ರವಲ್ಲ. ವಾಲಿಂಗ್ಟನ್ನನೂ ನೋಟುಪುಸ್ತಕ ಇಟ್ಟವನೇ, ಡೌಸಿಂಗನೂ ಇಟ್ಟವನೇ. ಒಬ್ಬನ ಪುಸ್ತಕದಲ್ಲಿ ತನ್ನ ತಪ್ಪುಗಳ ಪಟ್ಟಿ, ಇನ್ನೊಬ್ಬನದರಲ್ಲಿ ಊರಿನವರ ತಪ್ಪುಗಳ ಪಟ್ಟಿ. ತನ್ನ ಕಡೆಗೆ ತಿರುಗಿದ್ದ ವಿಚಾರಣೆ ಹೊರಗೆ ತಿರುಗಿತು.

ಅದೇ ತಿರುವು ಆ ವರ್ಷಗಳಲ್ಲಿ ನಾಡಿನಲ್ಲೆಲ್ಲ ಕಾಣಿಸಿತು. 1642ರಲ್ಲಿ ನಾಟಕಶಾಲೆಗಳು ಮುಚ್ಚಿದವು. 1647ರಲ್ಲಿ ಕ್ರಿಸ್‌ಮಸ್ ಹಬ್ಬವನ್ನೇ ರದ್ದು ಮಾಡಿದರು. ಆ ವರ್ಷದ ಹಬ್ಬದ ದಿನ ಕ್ಯಾಂಟರ್‌ಬರಿಯಲ್ಲಿ ಜನ ದಂಗೆ ಎದ್ದರು. 1650ರಲ್ಲಿ ಹಾದರಕ್ಕೆ ಮರಣದಂಡನೆಯ ಕಾನೂನು ಬಂತು. 1655ರಲ್ಲಿ, ಅರಸನಿಲ್ಲದ ದೇಶವನ್ನು ಆಳುತ್ತಿದ್ದ ಸೇನಾನಿ ಕ್ರಾಮ್‌ವೆಲ್ ನಾಡನ್ನು ಮೇಜರ್ ಜನರಲ್‌ಗಳಿಗೆ ಹಂಚಿಕೊಟ್ಟು ನಡತೆ ತಿದ್ದಿಸಲು ಹೋದ. ಜನರಿಗೆ ಅದರ ಮೇಲೆ ಹುಟ್ಟಿದ ರೋಸು ಬಹುಕಾಲ ಆರಲಿಲ್ಲ. 1656ರಲ್ಲಿ ಜೇಮ್ಸ್ ನೇಲರ್ ಎಂಬ, ಕ್ವೇಕರ್ ಎಂಬ ಹೊಸ ಪಂಥದ ಬೋಧಕನನ್ನು ದೇವದೂಷಕನೆಂದು ಪಾರ್ಲಿಮೆಂಟೇ ತೀರ್ಮಾನಿಸಿ, ಛಡಿ ಹೊಡೆಸಿ, ಹಣೆಗೆ ಬರೆ ಹಾಕಿಸಿ, ನಾಲಿಗೆ ಚುಚ್ಚಿಸಿತು. ಹತ್ತೊಂಬತ್ತು ವರ್ಷದ ಹಿಂದೆ ತಮ್ಮವರ ಕಿವಿ ಕತ್ತರಿಸಿದ್ದನ್ನು ಕಂಡು ಕಣ್ಣೀರಿಟ್ಟಿದ್ದ ಪಕ್ಷ ಇದು. ಐರ್ಲೆಂಡಿನ ದ್ರೊಗೆಡದಲ್ಲಿ 1649ರಲ್ಲಿ ನಡೆದ ಕಗ್ಗೊಲೆಯನ್ನು ಕ್ರಾಮ್‌ವೆಲ್ ದೇವರ ನ್ಯಾಯತೀರ್ಪು ಎಂದು ಕರೆದ. ದೇವರ ತೀರ್ಪು ತಿಳಿಯದೆಂದು ನಡುಗುತ್ತಿದ್ದ ಪಂಥದ ಮುಂದಾಳಿಗೆ ಅದು ಸ್ಪಷ್ಟವಾಗಿ ತಿಳಿದುಬಿಟ್ಟಿತ್ತು.

ಇಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅದೇ ವರ್ಷಗಳಲ್ಲಿ, 1644ರಲ್ಲಿ, ಮುದ್ರಣಕ್ಕೆ ಮುಂಚಿತ ಪರವಾನಗಿ ಬೇಕೆಂಬ ಪಾರ್ಲಿಮೆಂಟಿನ ಆಜ್ಞೆಯನ್ನು ವಿರೋಧಿಸಿ ಅವರ ಪಕ್ಷದ ಕವಿ ಮಿಲ್ಟನ್ ‘ಏರಿಯೊಪಜಿಟಿಕ’ ಬರೆದ. 1647ರ ಶರತ್ಕಾಲದಲ್ಲಿ ಲಂಡನ್ನಿನ ಬಳಿಯ ಪಟ್ನಿಯ ಚರ್ಚಿನಲ್ಲಿ ಪಾರ್ಲಿಮೆಂಟಿನ ಪಡೆಯ ಸೈನಿಕರೂ ಅಧಿಕಾರಿಗಳೂ ಎದುರುಬದುರು ಕೂತು, ಆಸ್ತಿಯಿಲ್ಲದ ಬಡವನಿಗೂ ಮತದ ಹಕ್ಕು ಬೇಡವೇ ಎಂದು ವಾದಿಸಿದರು. ಕರ್ನಲ್ ರೇನ್ಸ್‌ಬರೊ ಬೇಕೆಂದ. 1290ರಲ್ಲಿ ಹೊರದಬ್ಬಿಸಿಕೊಂಡಿದ್ದ ಯಹೂದಿಗಳು 1656ರಿಂದ ಲಂಡನ್ನಿನಲ್ಲಿ ಮತ್ತೆ ಬಹಿರಂಗವಾಗಿ ಬಾಳತೊಡಗಿದರು. ಒಬ್ಬೊಬ್ಬನ ಮನಸ್ಸಾಕ್ಷಿಯೂ ದೇವರಿಗೆ ನೇರ ಉತ್ತರ ಹೇಳಬೇಕೆಂದ ಮೇಲೆ, ಅದಕ್ಕೆ ಮಾತಾಡಲು ಎಡೆ ಕೊಡಬೇಕೆಂಬುದು ಅವರಲ್ಲೇ ಕೆಲವರಿಗೆ ಹೊಳೆದಿತ್ತು.

1660ರಲ್ಲಿ ಅರಸೊತ್ತಿಗೆ ಮರುಸ್ಥಾಪನೆಯಾಗಿ, ತಲೆ ಉರುಳಿದ ಅರಸನ ಮಗ ಎರಡನೆಯ ಚಾರ್ಲ್ಸ್ ಮರಳಿ ಬಂದ. 1662ರ ಏಕರೂಪತೆಯ ಕಾಯಿದೆ ಪ್ರಾರ್ಥನಾಪುಸ್ತಕವನ್ನು ಅಕ್ಷರಶಃ ಒಪ್ಪಬೇಕೆಂದು ವಿಧಿಸಿತು. ಆಗಸ್ಟ್ 24 ಕೊನೆಯ ಗಡುವು. ಅದಕ್ಕೆ ಮುಂಚಿನ ಎರಡು ವರ್ಷವನ್ನೂ ಸೇರಿಸಿದರೆ ಸುಮಾರು 2,000 ಬೋಧಕರು ಸಂಬಳ, ಮನೆ, ಸಭೆ ಎಲ್ಲ ಬಿಟ್ಟು ಹೊರನಡೆದರು. ಆ ಗಡುವಿಗೆ ಹೊರಟವರು ತಲೆಬಾಗಿದ್ದರೆ ಉಳಿಯಬಹುದಿತ್ತು. ಪ್ಯೂರಿಟನರ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಘಟನೆ ಇದು. ಅರಸನ ಶಿರಚ್ಛೇದವೂ ಇದರ ಮುಂದೆ ಚಿಕ್ಕದು. ಬೆಡ್‌ಫರ್ಡ್‌ನ ಕಂಚುಗಾರ ಜಾನ್ ಬನಿಯನ್, ಬೋಧನೆ ನಿಲ್ಲಿಸುತ್ತೇನೆಂದು ಮಾತು ಕೊಡಲೊಲ್ಲದೆ 1660ರಿಂದ 1672ರವರೆಗೆ ಸೆರೆಯಲ್ಲಿದ್ದ. 1678ರಲ್ಲಿ ಬಂದ ಅವನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಲೋಕದ ಎಷ್ಟೋ ಭಾಷೆಗಳಿಗೆ ಹೋಯಿತು, ಮಿಷನರಿಗಳ ಮೂಲಕ ಕನ್ನಡಕ್ಕೂ ಬಂತು. 1667ರಲ್ಲಿ, ಕಣ್ಣೂ ಪಕ್ಷವೂ ಎರಡೂ ಹೋದ ಮಿಲ್ಟನ್ ‘ಪ್ಯಾರಡೈಸ್ ಲಾಸ್ಟ್’ ಪ್ರಕಟಿಸಿದ. ಈ ಎರಡೂ ಸೋತ ಪಕ್ಷದ ಕೃತಿಗಳು. ಗೆದ್ದು ಆಳಿದ ವರ್ಷಗಳಲ್ಲಿ ಪ್ಯೂರಿಟನರು ಇವಕ್ಕೆ ಸಮನಾದ ಒಂದನ್ನೂ ಬರೆದದ್ದು ನನಗೆ ಕಾಣುವುದಿಲ್ಲ.

1689ರ ಸಹಿಷ್ಣುತೆಯ ಕಾಯಿದೆ ಇವರ ವಾರಸುದಾರರಿಗೆ ತಮ್ಮ ಆರಾಧನೆಯ ಸ್ವಾತಂತ್ರ್ಯ ಕೊಟ್ಟಿತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ಮಾತ್ರ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಸಿಗಲಿಲ್ಲ. ಅವರು ತಮ್ಮವೇ ಅಕಾಡೆಮಿಗಳನ್ನು ಕಟ್ಟಿದರು. ಅಂಥ ಒಂದರಲ್ಲಿ ಡೇನಿಯಲ್ ಡೀಫೊ ಓದಿದ, ಇನ್ನೊಂದರಲ್ಲಿ ಆಮ್ಲಜನಕದ ಶೋಧಕ್ಕೆ ಹೆಸರಾದ ಜೋಸೆಫ್ ಪ್ರೀಸ್ಟ್ಲಿ ಓದಿದ. ಈ ವಾರಸುದಾರರಲ್ಲಿ ಕಾಂಗ್ರಿಗೇಷನಲ್ ಸಭೆಗಳವರೇ ಹೆಚ್ಚಾಗಿ ನಿಂತು 1795ರಲ್ಲಿ ಕಟ್ಟಿದ ಸಂಸ್ಥೆ ಲಂಡನ್ ಮಿಷನರಿ ಸೊಸೈಟಿ. ಆ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ. ವಿಲಿಯಂ ರೀವ್ ಕನ್ನಡ ನಿಘಂಟು ಕಟ್ಟಿದ. ಅದೇ ಸಂಸ್ಥೆಯ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ನಮ್ಮ ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರು. ಅವರನ್ನು ಪ್ಯೂರಿಟನರೆಂದು ಕರೆಯುತ್ತಿಲ್ಲ. ಅವರ ಮನೆತನದ ಸಭೆಯ ಹಿಂದೆ 1662ರ ನೆನಪು ಇತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904 ಮತ್ತು 1905ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ಮಾತನ್ನೂ ಆಡಬೇಕು. ಮುಕ್ತಿಯ ಗುರುತು ಹುಡುಕುವ ಆತಂಕ ದುಡಿಮೆಯಲ್ಲಿ ಶಿಸ್ತು ತಂದಿತು, ಉಳಿತಾಯ ಬಂಡವಾಳವಾಯಿತು ಎಂಬುದು ಅವನ ವಾದದ ಸಾರ. ಶಿಸ್ತಿನ ಮಟ್ಟಿಗೆ ಒಪ್ಪುತ್ತೇನೆ. ಆದರೆ ಅವನು ಹೆಚ್ಚಾಗಿ ಆಧರಿಸಿದ ಪ್ಯೂರಿಟನ್ ಬೋಧಕ ರಿಚರ್ಡ್ ಬ್ಯಾಕ್ಸ್‌ಟರ್‌ನೇ ಐಶ್ವರ್ಯದ ಮೋಹವನ್ನು ಪುಟಗಟ್ಟಲೆ ಖಂಡಿಸಿದವನು. ಡಾರ್ಚೆಸ್ಟರಿನ ಭಟ್ಟಿಯ ಲಾಭ ಬಂಡವಾಳವಾಗಲಿಲ್ಲ, ಬಡವರ ಮನೆಗೆ ಹೋಯಿತು. ವಾಲಿಂಗ್ಟನ್ ಶ್ರೀಮಂತನಾಗಲೇ ಇಲ್ಲ.

ಕೊನೆಯದಾಗಿ ಸಮುದ್ರದಾಚೆಯ ಇಬ್ಬರು ನ್ಯಾಯಾಧೀಶರು. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾತಿಯರ ವಿಚಾರಣೆ ನಡೆದು 19 ಜನ ಗಲ್ಲಿಗೇರಿದರು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಹಿಂದೆ ಇಂಗ್ಲೆಂಡಿನಲ್ಲಿ ಬೋಧಕನಾಗಿದ್ದು ಅರಸೊತ್ತಿಗೆ ಮರಳಿದಾಗ ಸ್ಥಾನ ಕಳೆದುಕೊಂಡವನು. ಅವನ ಜತೆ ಪೀಠದಲ್ಲಿದ್ದ ಸ್ಯಾಮ್ಯುಯೆಲ್ ಸ್ಯೂಯಲ್ ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಮ್ಯಾಸಚೂಸೆಟ್ಸ್‌ಗೆ ಹೋದವನು, ಬದುಕಿನುದ್ದಕ್ಕೂ ದಿನಚರಿ ಬರೆದವನು. ಸ್ಟೌಟನ್ ತಾನು ಮಾಡಿದ್ದು ತಪ್ಪೆಂದು ಕೊನೆಯವರೆಗೂ ಹೇಳಲಿಲ್ಲ. ಸ್ಯೂಯಲ್ 1697ರ ಜನವರಿಯ ಉಪವಾಸದ ದಿನ ಬಾಸ್ಟನ್ನಿನ ತನ್ನ ಸಭೆಯ ಮುಂದೆ ಎದ್ದು ನಿಂತ. ಆ ವಿಚಾರಣೆಯ ತಪ್ಪನ್ನೂ ಅವಮಾನವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡು ಅವನು ಬರೆದ ಚೀಟಿಯನ್ನು ಬೋಧಕ ಓದಿ ಮುಗಿಸುವವರೆಗೂ ನಿಂತೇ ಇದ್ದ. ಮೂರು ವರ್ಷದ ಮೇಲೆ, 1700ರಲ್ಲಿ, ಕರಿಯರನ್ನು ಗುಲಾಮರಾಗಿ ಮಾರುವುದು ದೇವರ ಮುಂದೆ ಪಾಪವೆಂದು ವಾದಿಸುವ ಕಿರುಹೊತ್ತಗೆಯೊಂದನ್ನು ಅದೇ ಊರಿನಲ್ಲಿ ಅಚ್ಚು ಹಾಕಿಸಿದ. ಊರಿನ ಅನೇಕ ಗಣ್ಯರು ಆಗ ಗುಲಾಮರನ್ನು ಇಟ್ಟುಕೊಂಡಿದ್ದರು.